ಚನ್ನಕೇಶವ ಮಾವ ರೆಸಾರ್ಟ್ ಆರಿಸುವುದು

ಸಾದಲಿಯ ನಮ್ಮ ಚನ್ನಕೇಶವ ಮಾವ ಶ್ಯಾಮಲತ್ತೆಯನ್ನು ಒಂದು ದಿನ ಕರೆದೊಯ್ಯಲು ರೆಸಾರ್ಟ್ ಹುಡುಕುತ್ತಿರುವುದು ಇದು ಮೂರನೆಯ ವರ್ಷ. ಸಾಕಿದ ರೇಷ್ಮೆಹುಳುಗಳು ಜ್ವರಕ್ಕೆ ಕೂತು, ಅಂದರೆ ಪೊರೆ ಬಿಡಲು ನಿಂತು, ಸೊಪ್ಪು ಮುಟ್ಟದ ದಿನವಷ್ಟೇ ಅವರಿಬ್ಬರಿಗೂ ಬಿಡುವು. ಆ ದಿನ ಬಂದರೂ ಮಾವನ ಆಯ್ಕೆ ಮುಗಿದಿರುವುದಿಲ್ಲ. ಭಾನುವಾರದ ಪೇಪರಿನ ಜಾಹೀರಾತುಗಳನ್ನು ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತಾರೆ. ನಾನು ಕಾಲೇಜಿನಿಂದ ಬಂದ ಕೂಡಲೇ ಫೋನ್ ಮಾಡಿಸಿ, ಪಕ್ಕದಲ್ಲಿ ನಿಂತು ಪ್ರಶ್ನೆ ಹೇಳಿಕೊಡುತ್ತಾರೆ. ಈಜುಕೊಳ ಇದೆ ಎಂದರೆ, "ನಮ್ಮ ಬಾವಿಗಿಂತ ಚೆನ್ನಾಗೈತಾ ಕೇಳಮ್ಮ." ಹಳ್ಳಿಯ ವಾತಾವರಣ ಎಂದರೆ, "ಅದು ನಮ್ಮನೇಲೇ ಐತಲ್ಲ, ಬೇಡ ಬಿಡು." ಕೊನೆಗೆ ತಪ್ಪದೆ, "ಬಚ್ಚಲಲ್ಲಿ ಎಂಥಾ ಸೋಪು ಇಡ್ತಾರೆ ಕೇಳು." ನಾಳಿದ್ದು ಮತ್ತೆ ಜ್ವರದ ದಿನ. ಇವತ್ತು ಬೆಟ್ಟದ ತಪ್ಪಲಿನ ಒಂದು ಒಳ್ಳೆಯ ಹೋಟೆಲಿನವರು ವಾಸನೆಯಿಲ್ಲದ ಸೋಪು ಎಂದದ್ದಕ್ಕೆ ಮಾವ ಅದನ್ನೂ ಬೇಡವೆಂದರು. "ಸೋಪಿಗೋಸ್ಕರ ಯಾರಾದ್ರೂ ಹೋಟ್ಲು ಬಿಡ್ತಾರಾ ಮಾವ?" ಎಂದು ರೇಗಿದೆ. ಮಾವ ಅತ್ತೆಯಿದ್ದ ಹುಳುಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ವಾಸನೆಗೆ ಹುಳ ಕೆಡ್ತವೆ ಅಂತ ನಿಮ್ಮತ್ತೆ ಇಪ್ಪತ್ತೆರಡು ವರ್ಷದಿಂದ ಪೌಡರ್ ಹಚ್ಚಿಲ್ಲ, ಮಲ್ಲಿಗೆ ಮುಡಿದಿಲ್ಲ ಕಣಮ್ಮ. ಒಂದು ದಿನಾನಾದ್ರೂ ಘಮ್ಮಂತ ಇರ್ಲಿ." ನಾನು ಮುಂದಿನ ಚೀಟಿಯ ನಂಬರು ಒತ್ತಿದೆ, ಸೋಪಿನ ಪ್ರಶ್ನೆಯನ್ನೇ ಮೊದಲು ಕೇಳಿದೆ.