ಐದು ಗಂಟೆಯ ಲೈಟು

ಭದ್ರಾವತಿಯಲ್ಲಿ ನಾನು ಹತ್ತನೇ ಕ್ಲಾಸಿನಲ್ಲಿದ್ದ ವರ್ಷ, ಶಾಲೆಯ ರಿಸಲ್ಟ್ ಸುಧಾರಿಸಬೇಕೆಂದು ಹೆಡ್‌ಮಾಸ್ಟರು ದಡ್ಡರನ್ನೆಲ್ಲ ಮೇಷ್ಟರುಗಳಿಗೆ ಹಂಚಿಬಿಟ್ಟರು. ಅದಕ್ಕೆ ದತ್ತು ಎಂಬ ದೊಡ್ಡ ಹೆಸರು ಬೇರೆ. ನಾನು ಗಣಿತದ ಮೇಷ್ಟರ ಪಾಲಿಗೆ ಬಂದೆ. ಅವರು ಬೆಳಗಿನ ಐದಕ್ಕೆ ಸೈಕಲ್ಲಿನಲ್ಲಿ ಬಂದು, ನಮ್ಮ ಮನೆಯಲ್ಲಿ ಲೈಟು ಉರಿಯುತ್ತಿದೆಯೇ ಎಂದು ಬೀದಿಯಿಂದಲೇ ನೋಡಿಕೊಂಡು ಹೋಗುತ್ತಿದ್ದರು. ನನಗೆ ಅಷ್ಟೇ ಸಾಕಾಯಿತು. ಲೈಟು ಹಾಕಿ, ಪುಸ್ತಕ ಬಿಡಿಸಿ, ಅದರ ಮೇಲೇ ತಲೆಯಿಟ್ಟು ನಿದ್ದೆ ಮಾಡುತ್ತಿದ್ದೆ. ಮೇಷ್ಟರಿಗೆ ಟೋಪಿ ಹಾಕಿದೆನೆಂಬ ಜಂಬ ಬೇರೆ.

ನಮ್ಮದು ಒಂದೇ ಕೋಣೆಯ ಮನೆ. ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ ತಡವಾಗಿ ಮಲಗಿರುತ್ತಿದ್ದ ಅಪ್ಪ, ನಾನು ಲೈಟು ಹಾಕಿದ ಕೂಡಲೇ ಕಂಬಳಿ ಹೊದ್ದು ಹೊರಗೆ ಹೋಗುತ್ತಿದ್ದ. ಕಣ್ಣಿಗೆ ಬೆಳಕು ಹೊಡೆಯುತ್ತದೇನೋ ಅಂದುಕೊಂಡಿದ್ದೆ.

ಒಂದು ದಿನ ಕಿಟಕಿಯಾಚೆ ಮೇಷ್ಟರ ದನಿ ಕೇಳಿ ಎಚ್ಚರವಾಯಿತು.

"ಯಾಕ್ರೀ, ಈ ಚಳೀಲಿ ಹೊರಗೆ ಕೂತಿದೀರ?"

"ಒಳಗೆ ಮಲಗಿದ್ರೆ ಗೊರಕೆ ಹೊಡೀತೀನಿ ಸಾರ್," ಅಪ್ಪ ಮೆಲ್ಲಗೆ ಹೇಳಿದ. "ಮಗಳು ಓದ್ತಾ ಇದಾಳೆ."

ಜೊಲ್ಲಿಗೆ ಒದ್ದೆಯಾದ ಹಾಳೆ ನನ್ನ ಕೆನ್ನೆಗೆ ಅಂಟಿಕೊಂಡಿತ್ತು.