ಪದಗಳಿಗೆ ಹಾಜರಿ ಹಾಕಿದ್ದು

ಮೂರು ವರ್ಷದ ಹಿಂದೆ ನಾನು ವನಗೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ನಿವೃತ್ತಿಗೆ ಇನ್ನೊಂದೇ ಕುಯ್ಲು ಬಾಕಿಯಿತ್ತು. ರೈಟರ್ ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ತೆಗೆದು, ಕೆಲಸ ಹಂಚಿ, ಸಂಜೆ ಲೆಕ್ಕ ಬರೆಯುವವನು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಾಲೀಕರಿಗೆ ಇಂಗ್ಲಿಷಿನಲ್ಲಿ ವರದಿ ಬರೆದು ಬರೆದು ಭಾರವಾದ ನಾಲ್ಕು ಪದ ಬಳಸುವ ರೂಢಿಯಾಗಿತ್ತು, ಅಷ್ಟೆ. ಆಳುಮನೆಗಳ ಲೈನಿನಲ್ಲಿದ್ದವರು ನನಗೆ ಇಂಗ್ಲಿಷ್ ಪೂರ್ತಿ ಬರುತ್ತದೆ ಎಂದು ನಂಬಿದ್ದರು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಲೈನಿನ ಗಿರಿಜಮ್ಮನ ಮಗಳು ಸುಮಾ ಹಾಸನದಲ್ಲಿ ಕನ್ನಡ ಮಾಧ್ಯಮದಲ್ಲೇ ಸಮಾಜಶಾಸ್ತ್ರದ ಎಂ.ಎ. ಮುಗಿಸಿದ್ದಳು. ಪಿಎಚ್.ಡಿ. ಸೀಟಿಗೆ ಸಂದರ್ಶನವಿತ್ತು. ಅಲ್ಲಿ ಇಂಗ್ಲಿಷ್ ಲೇಖನ ಕೊಟ್ಟು ಓದಿಸುತ್ತಾರೆಂದು ಯಾರೋ ಹೇಳಿದ್ದರು.

"ರೈಟ್ರೇ, ನಮ್ಮುಡ್ಗಿಗೆ ಒಸಿ ಹೇಳ್ಕೊಡಿ," ಎಂದಳು ಗಿರಿಜಮ್ಮ. "ಈ ಸಲ ಸಿಕ್ನಿಲ್ಲ ಅಂದ್ರೆ ಗಾರ್ಮೆಂಟ್ಸಿಗೆ ಸೇರಿಸ್ಬುಡ್ತೀನಿ. ನನ್ ಮಂಡಿ ಇನ್ನೊಂದು ವರ್ಷ ತಡೆಯಾಕಿಲ್ಲ."

ಸುಮಾ ತಂದ ಲೇಖನದ ಮೊದಲ ಪುಟದ ತಲೆಬುಡವೇ ನನಗೆ ತಿಳಿಯಲಿಲ್ಲ. ಆಗಲೇ ಹೇಳಬಹುದಿತ್ತು. "ಮೊದ್ಲು ಪದ ಗಟ್ಟಿಯಾಗ್ಲಿ, ಆಮೇಲೆ ಲೇಖನ ತಾನಾಗೇ ಬತ್ತದೆ," ಅಂದುಬಿಟ್ಟೆ.

ನನಗೆ ಗೊತ್ತಿದ್ದದ್ದು ಒಂದೇ ಕೆಲಸ, ಪಾಠವನ್ನೂ ಹಾಗೆಯೇ ಮಾಡಿದೆ. ಸಂಜೆ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ನಿಘಂಟು ಹಿಡಿದು ಪದ ಕೂಗುತ್ತಿದ್ದೆ. ಅವಳು ಅರ್ಥ ಹೇಳಿ ಓಗೊಡುತ್ತಿದ್ದಳು. ಹೈಪಾಥಿಸಿಸ್, ಊಹೆ. ಆಂಬಿಗ್ಯುಯಸ್, ಅಸ್ಪಷ್ಟ. ಸಬ್‌ಸ್ಟಾನ್ಷಿಯೇಟ್, ಆಧಾರ ಕೊಡು. ಹಾಜರಿ ಆಯಿತು, ಮುಂದಿನದು.

ಕಣದಲ್ಲಿ ಕಾಫಿ ಗುಡ್ಡೆ ಮಾಡಿಸುತ್ತಿದ್ದ ಮೇಸ್ತ್ರಿ ತಿಮ್ಮಯ್ಯ ನಕ್ಕ. "ಏನ್ ಮಾರಾಯ್ರೇ, ಪದಕ್ಕೂ ಹಾಜರಿಯಾ? ಓ ಅಂದ್ಬುಟ್ಟು ಗಿಡದ ಮರೇಲಿ ಮಲಗೋ ಆಳೂ ಐತೆ ಕಣ್ರೀ."

"ನಿನ್ ಕೆಲ್ಸ ನೋಡು," ಅಂದೆ.

ಒಂದು ಸಂಜೆ ಸುಮಾ ಪುಟವೊಂದನ್ನು ನನ್ನ ಮುಂದೆ ಹಿಡಿದಳು. "ರೈಟ್ರೇ, ಪದ ಎಲ್ಲಾ ಗೊತ್ತಾಯ್ತು. ಈ ಪ್ಯಾರಾದಲ್ಲಿ ಏನ್ ಹೇಳ್ತಾವ್ರೆ?"

"ಕತ್ತಲಾಯ್ತು ಕಣಮ್ಮ, ನಾಳೆ ನೋಡಾಣ."

ಮರುದಿನ ಬೇರೆ ಪದ ಕೂಗಿದೆ.

ಸಂದರ್ಶನದ ದಿನ ಗಿರಿಜಮ್ಮ ಕುಯ್ಲು ಬಿಟ್ಟು ಬರುವಂತಿರಲಿಲ್ಲ. ಜೊತೆಗೆ ವಿಶ್ವವಿದ್ಯಾಲಯಕ್ಕೆ ನಾನು ಹೋದೆ. ಕೊಠಡಿಯ ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿಗೆ ಎಲ್ಲ ಕೇಳಿಸುತ್ತಿತ್ತು.

"ಈ ಪುಟ ಓದಿ, ಏನು ಹೇಳಿದೆ ಅಂತ ನಿಮ್ಮ ಮಾತಲ್ಲಿ ಹೇಳಿ. ಕನ್ನಡದಲ್ಲೇ ಹೇಳಬಹುದು," ಎಂದರು ಪ್ರೊಫೆಸರ್, ಒಬ್ಬ ಹೆಂಗಸು.

ಸುಮಾ ಎಲ್ಲೂ ತಡವರಿಸದೆ ಓದಿದಳು. ಆಮೇಲೆ ಪದಗಳ ಅರ್ಥ ಒಂದೊಂದಾಗಿ ಹೇಳತೊಡಗಿದಳು.

"ಪದದ ಅರ್ಥ ಬೇಡಮ್ಮ. ಬರೆದವರ ವಾದ ಏನು?"

ಸುಮಾ ಇನ್ನೊಂದು ಪದದ ಅರ್ಥ ಹೇಳಿದಳು. ಅದೂ ಸರಿಯಾಗಿಯೇ ಇತ್ತು. ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಎದ್ದು ಒಳಗೆ ಹೋಗಲು ಬಿಟ್ಟಿದ್ದರೂ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಕೊನೆಗೆ ಪ್ರೊಫೆಸರ್ ಅವರೇ ಬಿಡಿಸಿ ಹೇಳಿದರು. ಕೂಲಿ ಮುಗಿಸಿ ಬಂದ ಹೆಂಗಸು ಮನೆಯಲ್ಲಿ ಸೌದೆ, ನೀರು, ಅಡುಗೆ ಅಂತ ದುಡಿಯುತ್ತಲೇ ಇರುತ್ತಾಳೆ. ಅದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಪುಟದಲ್ಲಿ ಇದ್ದದ್ದು ಇಷ್ಟೇ. ಗಿರಿಜಮ್ಮನ ಮಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸೀಟು ಸಿಗುವುದಿಲ್ಲವೆಂದು ಇಬ್ಬರಿಗೂ ಅಲ್ಲೇ ಗೊತ್ತಾಯಿತು, ಸಿಗಲೂ ಇಲ್ಲ. ವಾಪಸು ಬರುವಾಗ, ಬಸ್ಸು ಆಲೂರು ದಾಟಿದ ಮೇಲೆ ಬಾಯಿಬಿಟ್ಟೆ. "ನೀನು ತಂದ ಲೇಖನ ಒಂದೂ ನಂಗೆ ಅರ್ಥ ಆಗಿರ್ಲಿಲ್ಲ ಕಣಮ್ಮ."

ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. "ಗೊತ್ತಿತ್ತು ರೈಟ್ರೇ. ನಾಳೆ ನೋಡಾಣ ಅಂದ್ರಲ್ಲ, ಅವತ್ತೇ ಗೊತ್ತಾಯ್ತು. ಕೇಳಾಕೆ ಬೇರೆ ಯಾರಿದ್ರು?"

ನನ್ನ ನೌಕರಿ ಪೂರ್ತಿ ಓಗೊಟ್ಟವರಿಗೆಲ್ಲ ಹಾಜರಿ ಹಾಕಿದೆ. ಹಾಜರಿ ಹಾಕಿದ ಮೇಲೆ ತೋಟಕ್ಕಿಳಿದು ಕೆಲಸ ನೋಡಬೇಕು, ನೋಡಲು ಬಾರದಿದ್ದರೆ ಬಾರದು ಎಂದು ಮೊದಲ ದಿನವೇ ಹೇಳಬೇಕು. ಹೇಳಿದ್ದರೆ ಅವಳಿಗೆ ಬೇರೆ ಯಾರಾದರೂ ಸಿಗುತ್ತಿದ್ದರೋ ಇಲ್ಲವೋ, ಹುಡುಕಲು ಸಮಯವಂತೂ ಇರುತ್ತಿತ್ತು.

ಸುಮಾ ಈಗ ಹಾಸನದಲ್ಲಿ ಗಾರ್ಮೆಂಟ್ಸಿನಲ್ಲಿದ್ದಾಳೆ. ತಾಯಿಗೆ ಅವಳು ಏನೂ ಹೇಳಿಲ್ಲವೆಂದು ಕಾಣುತ್ತದೆ. ಗಿರಿಜಮ್ಮ ದಾರಿಯಲ್ಲಿ ಸಿಕ್ಕಾಗಲೆಲ್ಲ, "ನೀವು ಅಷ್ಟೊಂದು ಕಷ್ಟ ಬಿದ್ರಿ, ಅವಳ ಹಣೇಲಿ ಬರೀನಿಲ್ಲ ಬುಡಿ," ಅನ್ನುತ್ತಾಳೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ.