ಆರಿದ್ರಾ ಮಳೆಯಲ್ಲಿ ಕಾಣದ ನಕ್ಷತ್ರ

ಕತೆಗಳಲ್ಲಿ ಬರುವ ನಕ್ಷತ್ರಗಳ ಮೇಲೆ ನನಗೊಂದು ಹಳೆಯ ತಕರಾರಿದೆ. ಮುಂದೇನು ಬರೆಯಬೇಕೆಂದು ಕತೆಗಾರರಿಗೆ ತೋಚದಾಗ ಪಾತ್ರಗಳು ಅಂಗಳಕ್ಕೆ ಬಂದು ಆಕಾಶ ನೋಡುತ್ತವೆ. ಅಲ್ಲಿ ಸಪ್ತರ್ಷಿ ಮಂಡಲ ಹೇಳಿ ಕರೆಸಿದಂತೆ ನಿಂತಿರುತ್ತದೆ. ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ ಎಂದು ಯಾರೂ ಕೇಳುವುದಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯಕ್ಕೇ ಕೈ ಹಾಕಿ ರೂಢಿಯಾದ ನಾನು ಕೇಳುತ್ತೇನೆ.

ಹಾಗೆ ಕೇಳಿದ್ದು ನಮ್ಮ ಅತ್ತಿಗೆಯನ್ನು. ಅಂಕೋಲೆಯ ಓದುಗರ ಕೂಟವೊಂದು ಕತೆಗಳನ್ನು ಕರೆದಿತ್ತು, ಚೌತಿಯೊಳಗೆ ಮುಟ್ಟಬೇಕು. ಹಣಕೋಣದ ನಮ್ಮ ಮನೆಯಲ್ಲಿ ಗದ್ದೆ, ಕೊಟ್ಟಿಗೆ, ನಸುಕಿನಲ್ಲೇ ಕೈಗಾ ಸ್ಥಾವರದ ಬಸ್ಸು ಹಿಡಿಯುವ ಅಣ್ಣನ ಬುತ್ತಿ, ಇಷ್ಟರ ನಡುವೆ ಅತ್ತಿಗೆ ತನ್ನ ಮೊದಲ ಕತೆ ಬರೆದು ನನ್ನ ಕೈಗಿಟ್ಟಳು. ಅದರಲ್ಲಿ, ಹತ್ತನೆಯ ತರಗತಿಗೇ ಓದು ನಿಂತ ಸೊಸೆಯೊಬ್ಬಳಿಗೆ ಮತ್ತೆ ಪರೀಕ್ಷೆ ಕಟ್ಟುವ ಆಸೆ. ಅತ್ತೆಗೆ ಹೇಳಲು ಬಾಯಿಲ್ಲ. ಆರಿದ್ರಾ ಮಳೆಯ ಒಂದು ಸಂಜೆ ಮೋಡ ಸರಿದು ಆರಿದ್ರಾ ನಕ್ಷತ್ರ ಹೊಳೆಯುತ್ತದೆ. ಅವಳಿಗೆ ಧೈರ್ಯ ಬರುತ್ತದೆ.

ನಾನು ಅಲ್ಲೇ ಪೆನ್ನಿನಿಂದ ಗೆರೆ ಎಳೆದೆ. ಆರಿದ್ರಾ ಮಳೆಯೆಂದರೆ ಸೂರ್ಯ ಆ ನಕ್ಷತ್ರದ ಬಳಿ ಇರುವ ದಿನಗಳು. ಅದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಮೋಡ ಸರಿದರೂ ಕಾಣದು. ಅತ್ತಿಗೆ ವರ್ಷವೂ ಮಳೆಗಳನ್ನು ಹೆಸರು ಹಿಡಿದು ಕರೆಯುತ್ತಾಳೆ, ಸಸಿ ನೆಡುವುದೂ ಆ ಲೆಕ್ಕದಲ್ಲೇ. ಆದರೆ ಆ ಹೆಸರುಗಳನ್ನು ಎಂದೂ ಮೇಲೆ ಹುಡುಕಿದವಳಲ್ಲ. ಇದನ್ನೆಲ್ಲ ಗೆದ್ದವಳ ಗತ್ತಿನಲ್ಲಿ ವಿವರಿಸಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. "ಹಾಗಾರೆ ಅವಳಿಗೆ ಧೈರ್ಯ ಬರೂದು ಎಲ್ಲಿಂದ?" ಎಂದು ಕೇಳಿ, ಕತೆ ಬರೆದ ಪಟ್ಟಿಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ತುರುಕಿದಳು.

ಎದುರಾಳಿಯನ್ನು ಕೆಡವುವುದನ್ನು ಕಲಿತಿದ್ದೆ, ಕೆಡವಿದ ಮೇಲೆ ಅವರೇನು ಮಾಡಬೇಕೆಂದು ಯೋಚಿಸಿದ್ದಿಲ್ಲ. ಮೊಬೈಲಿನಲ್ಲಿ ನಕ್ಷೆ ತೆಗೆದು ನೋಡಿದೆ: ಮಘಾ ಮಳೆಯ ಹೊತ್ತಿಗೆ ಆರಿದ್ರಾ ಬೆಳಗಿನ ಜಾವ ಪೂರ್ವಕ್ಕೆ ಕಾಣಬೇಕು. ಹೇಳಿದೆ. ಅತ್ತಿಗೆ ಹ್ಞೂಂ ಅಂದಳು, ಪಟ್ಟಿ ತೆಗೆಯಲಿಲ್ಲ. ಚೌತಿ ಹತ್ತಿರ ಬಂತು.

ಮಘಾ ಹಿಡಿದ ಮೂರನೆಯ ಬೆಳಗು, ಅಣ್ಣನ ಬುತ್ತಿ ಕಟ್ಟುತ್ತಿದ್ದವಳು ಅಂಗಳದಿಂದ ಕರೆದಳು. "ಬಾರೆ ವಕೀಲಮ್ಮ, ನಿನ್ನ ಸಾಕ್ಷಿ ಬಂದದೆ."

ತೆಂಗಿನ ಮೇಲೆ ಮೋಡ ಹರಿದಿತ್ತು. ಸಾಲಾಗಿ ಮೂರು ಚುಕ್ಕಿ, ಪಕ್ಕಕ್ಕೆ ಕೆಂಪಗಿನದೊಂದು. ಅದೇಯಾ ಎಂದಳು, ಅದೇ ಎಂದೆ. ಕೈಯಲ್ಲಿ ಬುತ್ತಿ ಹಿಡಿದೇ ಬಹಳ ಹೊತ್ತು ನೋಡಿದಳು.

"ತನ್ನ ಮಳೆ ಮುಗಿಸಿ, ಕೆಲಸ ಆದಮೇಲೆ ಮುಖ ತೋರಸ್ತದೆ."

ಅಂದು ಮಧ್ಯಾಹ್ನವೇ ಪಟ್ಟಿ ಹೊರಬಂತು. ಹೊಸ ಕತೆಯಲ್ಲಿ ಸೊಸೆ ಗದ್ದೆಯ ಸಸಿ ನಟ್ಟಿಯ ನಡುವೆ, ಸುರಿಯುವ ಮಳೆಯಲ್ಲಿ, ಕೆಸರುಗೈಯಲ್ಲೇ ಅತ್ತೆಗೆ ಹೇಳಿಬಿಡುತ್ತಾಳೆ. ಮೇಲೆ ಏನೂ ಕಾಣುವುದಿಲ್ಲ. ನಕ್ಷತ್ರ ಬರುವುದು ಕೊನೆಯ ಸಾಲಿನಲ್ಲಿ, ಅವಳು ಓದಲೆಂದು ಬೇಗ ಎದ್ದ ಬೆಳಗಿನಲ್ಲಿ.

ಬೆಳಿಗ್ಗೆ ಎಂದರೆ ಎಷ್ಟು ಗಂಟೆ, ಬರೆದೇ ಇಲ್ಲವಲ್ಲ ಎಂದೆ.

"ಕೈಗಾ ಬಸ್ಸು ಬರೂಕಿಂತ ಮುಂಚೆ ಅಂತ ಬರೆದಿದ್ದೆ. ಸರಿ ಓದು."

ಮಾರನೆಯ ದಿನ ಅಂಕೋಲೆಯ ಬಸ್ಸಿನಲ್ಲಿ ಅದನ್ನು ಮತ್ತೆ ಎರಡು ಸಲ ಓದಿದೆ. ಪೆನ್ನು ಚೀಲದಲ್ಲೇ ಉಳಿಯಿತು. ಕೂಟದ ಬಾಗಿಲಲ್ಲಿ ಕುಳಿತಿದ್ದವರು ಲಕೋಟೆ ತೆಗೆದುಕೊಳ್ಳುತ್ತ, ನೀವೇ ಬರೆದದ್ದಾ ಎಂದು ಕೇಳಿದರು. ಅಲ್ಲ, ನಾನು ವಿರೋಧ ಪಕ್ಷ ಎಂದೆ.